ನೋಡುತ್ತಿದ್ದರೆ ಮಾತ್ರ ಕೆಲಸ ಮಾಡುವ ಎಡಗೈಯವರಿಗೆ

ಮಾನ್ಯ ಎಡಗೈಯವರೇ,

ನಿನ್ನೆ ಸಂಜೆ ಮಾತಿಗೆ ಮಾತು ಬೆಳೆದಾಗ ತಮ್ಮ ಬಗ್ಗೆ ನಾನು ಬಳಸಿದ ‘ಸೋಮಾರಿ’ ಎಂಬ ಪದವನ್ನು ಮೊದಲು ವಾಪಸ್ ತೆಗೆದುಕೊಳ್ಳುತ್ತೇನೆ. ಅದರ ಜಾಗದಲ್ಲಿ ‘ಮೇಲ್ವಿಚಾರಣೆಯನ್ನು ಅತಿಯಾಗಿ ಇಷ್ಟಪಡುವವರು’ ಎಂದು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ತಮ್ಮ ಐದೂ ಬೆರಳುಗಳು, ಅವುಗಳ ಗೆಣ್ಣುಗಳು, ತುದಿಯಲ್ಲಿ ಹೊಸದಾಗಿ ಗಟ್ಟಿಯಾಗುತ್ತಿರುವ ಚರ್ಮ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಭುಜದಿಂದ ಮೇಲಿರುವ ನಾವು ಕುತ್ತಿಗೆ ನೋವೊಂದನ್ನು ಬಿಟ್ಟರೆ ಸುಖವಾಗಿದ್ದೇವೆ. ಆ ನೋವು ಯಾರ ದೆಸೆಯಿಂದ ಬಂದದ್ದು ಎಂಬುದನ್ನು ಸೌಜನ್ಯದ ದೃಷ್ಟಿಯಿಂದ ಈಗಲೇ ಹೇಳುವುದಿಲ್ಲ.

ಇಷ್ಟು ಮನೆಯೊಳಗಿನ ವಿಷಯವನ್ನು ಬಹಿರಂಗ ಪತ್ರ ಮಾಡಿ ಊರಿಗೆಲ್ಲ ಸಾರಬೇಕಿತ್ತೇ ಎಂದು ತಾವು ನೊಂದುಕೊಳ್ಳಬಹುದು. ಖಾಸಗಿಯಾಗಿ ಹೇಳಿ ನೋಡಿದ್ದಾಯಿತು, ಬೈದು ನೋಡಿದ್ದಾಯಿತು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಉಪಚಾರ ಮಾಡಿ ನೋಡಿದ್ದೂ ಆಯಿತು. ಗಿಟಾರ್ ಕಲಿಯಲು ಹೊರಟ ಬೇರೆ ನಾಲ್ಕು ಮಂದಿಗಾದರೂ ತಮ್ಮಂಥವರ ನಡವಳಿಕೆ ತಿಳಿಯಲಿ ಎಂಬುದೇ ನನ್ನ ಇಂಟೆನ್ಷನ್, ಅಥವಾ ಇಂಟೆನ್ಸಿಟಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರವಾಗಿ ಹೇಳಿದ್ದರು. ಆ ಹೊತ್ತಿನಲ್ಲಿ ಕಿಟಕಿಯಾಚೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ.

ದೂರು ಇಷ್ಟೇ. ನಾನು ನೋಡುತ್ತಿದ್ದರೆ ತಾವು ಕೆಲಸ ಮಾಡುತ್ತೀರಿ, ಕಣ್ಣೆತ್ತಿದ ಕೂಡಲೇ ಮುಷ್ಕರ ಹೂಡುತ್ತೀರಿ. ಸಿ ಎಂಬ ಕಾರ್ಡಿನ, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛದ, ಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಕೂರಿಸಿ, ಅಲ್ಲಿಂದ ಜಿ ಎಂಬ ಕಾರ್ಡಿಗೆ ದಯಮಾಡಿಸಿ ಎಂದರೆ, ಉಂಗುರಬೆರಳು ದಪ್ಪ ತಂತಿಗಳ ದಡದಿಂದ ಹಾರಿ ತೀರಾ ಸಣ್ಣ ತಂತಿಯ ದಡದಲ್ಲಿ ಇಳಿಯಬೇಕು. ನಾನು ಬಗ್ಗಿ ನೋಡುತ್ತಿದ್ದರೆ ಅದು ಸರ್ಕಸ್ಸಿನವರಂತೆ ಹಾರಿ, ಇಳಿದು, ಚಪ್ಪಾಳೆಗೆ ಕಾಯುತ್ತದೆ. ನೋಡದಿದ್ದರೆ ಅರ್ಧ ದಾರಿಯಲ್ಲಿ ಕೈಗೆ ಸಿಕ್ಕ ತಂತಿಯೊಂದನ್ನು ಹಿಡಿದುಕೊಂಡು, ಬೇರೆ ಬಸ್ಸು ಹತ್ತಿದ ಮೇಲೆ ಬೋರ್ಡು ಓದಿದವರಂತೆ ಸುಮ್ಮನಾಗುತ್ತದೆ. ಕಿರುಬೆರಳಿನವರ ಬಗ್ಗೆ ನಾನು ಏನನ್ನೂ ಹೇಳದಿರುವುದೇ ಮರ್ಯಾದೆ. ಅವರು ಇಡೀ ಹಾಡಿನುದ್ದಕ್ಕೂ ಗಾಳಿಯಲ್ಲಿ ಎದ್ದು ನಿಂತು, ತಮಗೂ ಈ ಗಲಾಟೆಗೂ ಸಂಬಂಧವಿಲ್ಲವೆಂಬ ಮುಖ ಮಾಡಿಕೊಂಡಿರುತ್ತಾರೆ.

ಹಾಗಾದರೆ ನೋಡಿಕೊಂಡೇ ನುಡಿಸು, ನಿನ್ನ ಗಂಟೇನು ಹೋಗುತ್ತದೆ ಎನ್ನುತ್ತೀರಿ. ಒಬ್ಬನೇ ಕೂತು ನುಡಿಸುವವನಾಗಿದ್ದರೆ ಹಗಲಿರುಳೂ ತಮ್ಮನ್ನೇ ನೋಡುತ್ತ ಕೂರುತ್ತಿದ್ದೆ. ಹೆಂಡತಿ ತೀರಿಹೋದ ಮೇಲೆ ನೋಡುವುದಕ್ಕೆ ನನಗೆ ಬೇರೆ ತುರ್ತು ದೃಶ್ಯಗಳೇನೂ ಇಲ್ಲ. ಆದರೆ ಎದುರಿನ ಕುರ್ಚಿಯಲ್ಲಿ ಅಕ್ಕ ಕೂತಿರುತ್ತಾಳೆ.

ಅಕ್ಕ ನನ್ನನ್ನು ನೋಡಿಕೊಳ್ಳಲು ಈ ಮನೆಗೆ ಬಂದಳೆಂದು ಅವಳು ಹೇಳುತ್ತಾಳೆ, ನಾನು ಅವಳನ್ನು ನೋಡಿಕೊಳ್ಳಲು ಕರೆತಂದೆನೆಂದು ನಾನು ಹೇಳುತ್ತೇನೆ. ಎರಡು ಸುಳ್ಳುಗಳೂ ಒಂದೇ ಕೆಟಲಿನಲ್ಲಿ ಟೀ ಕಾಯಿಸಿಕೊಂಡು ಹೊಂದಿಕೊಂಡಿವೆ. ಅವಳ ಕಿವಿ ಬರಬರುತ್ತ ಪೂರಾ ಮಂದವಾಯಿತು. ಕಿವಿಯ ಯಂತ್ರ ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದು ಬಾಂಬಿನಂತೆ, ಮನುಷ್ಯರ ಮಾತು ಕಂಬಳಿಯೊಳಗಿನ ಗೊಣಗಾಟದಂತೆ ಕೇಳುತ್ತದೆಂದು ಅದನ್ನು ಅಂಗಿಯ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಯಾರು ಏನು ಹೇಳಿದರೂ ‘ಹೂಂ ಹೂಂ, ಆಗ್ಲಿ’ ಎನ್ನುತ್ತಾಳೆ. ಮೊನ್ನೆ ಗ್ಯಾಸ್ ಸೋರುತ್ತಿದೆಯೇ ಎಂದು ಕೇಳಿದ ಮೆಕ್ಯಾನಿಕ್‌ಗೂ ಆಗಲಿ ಎಂದಳು. ಹೀಗೆ ಎಲ್ಲರ ಮಾತಿನಿಂದಲೂ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದವಳಿಗೆ ಉಳಿದಿರುವುದು ಹಾಡು. ಹಾಡಿಗೆ ಅವಳ ಕಿವಿ ಬೇಕಿಲ್ಲ, ಗಂಟಲಿಗೇ ದಾರಿ ಗೊತ್ತಿದೆ. ಆದರೆ ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಅವಳು ನನ್ನ ಮುಖದಲ್ಲಿ ಓದಿಕೊಳ್ಳುತ್ತಾಳೆ. ಹುಬ್ಬೆತ್ತಿದರೆ ಶುರು, ಗದ್ದ ಇಳಿದರೆ ಮುಗಿಯಿತು. ನಾನು ತಮ್ಮ ಸೇವೆಯಲ್ಲಿ ತಲೆ ಬಗ್ಗಿಸಿ ಕೂತರೆ ಅವಳಿಗೆ ಕಾಣುವುದು ನನ್ನ ನೆತ್ತಿ ಮಾತ್ರ. ‘ನಿನ್ನ ಬೋಳು ತಲೆ ನೋಡ್ಕೊಂಡು ಎಲ್ಲಿಂದ ಎತ್ಕೊಳ್ಳಲೋ? ಅದರಲ್ಲಿ ಹುಬ್ಬಿದೆಯಾ?’ ಎಂದು ಅವಳು ಕೇಳಿದಳು. ಉತ್ತರ ತಮ್ಮಲ್ಲಿದ್ದರೆ ತಿಳಿಸುವುದು.

ಇದರ ಮೇಲೆ ಕಾಲಿನದ್ದೊಂದು ಕಾಟ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಲೇ ಕೂದಲು ಉದುರಿಸಿಕೊಂಡವನೆಂಬುದು ತಮಗೆ ಗೊತ್ತಿದೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಪಾಲಿನ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಯೌವನ ಕಳೆದದ್ದರಿಂದ, ಹುಡುಗರು ನನ್ನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಈಗ ತಾವು ತಪ್ಪು ತಂತಿಗೆ ಹೋದಾಗಲೆಲ್ಲ ನನ್ನ ಬಲಗಾಲು ನನ್ನನ್ನು ಕೇಳದೆ ನೆಲದ ಹಲಗೆಯ ಮೇಲೆ ಬ್ರೇಕ್ ಒತ್ತುತ್ತದೆ. ಹಲಗೆ ಅದುರುತ್ತದೆ. ಆ ಅದುರು ಕುರ್ಚಿಯ ಕಾಲು ಹತ್ತಿ ಅಕ್ಕನನ್ನು ತಲುಪುತ್ತದೆ. ನಿಲ್ಲಿಸು ಎಂದೆನೆಂದು ತಿಳಿದು ಅವಳು ಸಾಲಿನ ನಡುವೆಯೇ, ತೆರೆದ ಬಾಯಿ ತೆರೆದಂತೆಯೇ, ಹಾಡು ನಿಲ್ಲಿಸಿಬಿಡುತ್ತಾಳೆ. ನಾನು ಅದನ್ನು ಕಾಣದೆ ತಮ್ಮನ್ನು ತಿದ್ದಿ ಮುಂದಕ್ಕೆ ಹೋಗಿರುತ್ತೇನೆ. ಕೊನೆಗೆ ತಲೆ ಎತ್ತಿದರೆ, ಎದುರಿಗೆ ಹಾಡಿಲ್ಲ. ಸೊಂಟದ ಮೇಲೆ ಕೈಯಿಟ್ಟ ಅಕ್ಕ ಇದ್ದಾಳೆ.

ಇನ್ನು ತಜ್ಞರ ಅಭಿಪ್ರಾಯ. ಫೋನಿನೊಳಗೆ ಕೂತ ಪಂಡಿತರಲ್ಲಿ ಒಬ್ಬರು ಕೈಯನ್ನು ಎಂದೂ ನೋಡಬೇಡಿ ಎನ್ನುತ್ತಾರೆ, ಇನ್ನೊಬ್ಬರು ಧಾರಾಳವಾಗಿ ನೋಡಿ, ದೊಡ್ಡ ದೊಡ್ಡವರೇ ನೋಡುತ್ತಾರೆ ಎನ್ನುತ್ತಾರೆ, ಮೂರನೆಯವರು ಕನ್ನಡಿ ಕೊಳ್ಳಿ ಎನ್ನುತ್ತಾರೆ. ಮೂವರೂ ಇದನ್ನು ಹೇಳುವಾಗ ಕ್ಯಾಮೆರಾ ನೋಡುತ್ತಿರುತ್ತಾರೆ. ಆದ್ದರಿಂದ ನಾನು ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳುವ ಗಿಟಾರ್ ಟೀಚರ್ ಬಳಿ ಸೇರಿದೆ. ಆಕೆ ಒಂದು ಕಾಲದಲ್ಲಿ ನನ್ನ ಬಳಿ ಕಾರು ಕಲಿತವಳು. ಗೇರ್ ಹಾಕುವಾಗಲೆಲ್ಲ ಕೆಳಗೆ ನೋಡುತ್ತಿದ್ದವಳಿಗೆ ನಾನು ‘ಗೇರ್ ಎಲ್ಲೂ ಓಡಿಹೋಗಲ್ಲಮ್ಮ, ಓಡಿಹೋಗ್ತಿರೋದು ರೋಡು, ಅದನ್ನ ನೋಡು’ ಎಂದು ಕೂಗಿ ಕೂಗಿ ಸಾಕಾಗಿ, ಗೇರಿನ ಗುಂಡಿಯ ಮೇಲೆ ನನ್ನ ಚೌಕಳಿ ಕರವಸ್ತ್ರ ಹೊದಿಸಿದ್ದೆ. ಎರಡನೇ ಪಾಠದ ದಿನ ಆಕೆ ಮೇಜಿನ ಡ್ರಾಯರಿನಿಂದ ಒಂದು ಕರವಸ್ತ್ರ ತೆಗೆದಳು. ಅದೂ ಚೌಕಳಿಯದೇ. ಇದಕ್ಕೆಂದೇ ಕೊಂಡು ಇಷ್ಟು ವರ್ಷ ಕಾದಿದ್ದಳೋ ಏನೋ. ಅತ್ಯಂತ ವಿನಯದಿಂದ ಅದನ್ನು ತಮ್ಮ ಮೇಲೆ ಹೊದಿಸಿ, ‘ಕೈ ಎಲ್ಲೂ ಓಡಿಹೋಗಲ್ಲ ಅಂಕಲ್’ ಎಂದಳು. ಅಂದು ಕರವಸ್ತ್ರದಡಿಯಲ್ಲಿ ತಾವು ಎಬ್ಬಿಸಿದ ಶಬ್ದಕ್ಕೆ ಕೆಳಗಿನ ಹೊಲಿಗೆ ಯಂತ್ರಗಳು ನಿಂತು ಹೋದವು.

ಆಕೆಯ ಸಿದ್ಧಾಂತ ಇದು. ಹೊಸ ಕಾರ್ಡು ಕಲಿಯುವಾಗ ನೋಡಿ ಕೂರಿಸಿಕೊಳ್ಳಬಹುದು. ದೂರದ ಜಿಗಿತವಿದ್ದರೆ ಹೋಗುವ ಜಾಗವನ್ನು ಒಮ್ಮೆ ನೋಡಿಕೊಳ್ಳಬಹುದು. ಅಷ್ಟಾದ ಮೇಲೆ ಕಣ್ಣು ಮೇಲಿರಬೇಕು. ‘ಕಾರಲ್ಲಿ ಕನ್ನಡಿ ನೋಡೋ ಹಾಗೆ ಅಂಕಲ್, ಒಂದ್ಸಲ ನೋಡಿ ವಾಪಸ್ ಬನ್ನಿ. ಕನ್ನಡೀಲೇ ಮನೆ ಮಾಡ್ಬೇಡ ಅಂತ ನನ್ನ ಬೈತಿದ್ದವರು ನೀವೇ ಅಲ್ವಾ?’ ಎಂದಳು. ಅದೂ ಸಾಲದೆಂಬಂತೆ, ತಮ್ಮನ್ನು ನೋಡುವ ಆಸೆಗೆ ನಾನು ಗಿಟಾರನ್ನು ಮಡಿಲಲ್ಲಿ ತಟ್ಟೆಯಂತೆ ಮಲಗಿಸಿಕೊಳ್ಳುತ್ತೇನೆಂದೂ, ಆಗ ಮಣಿಕಟ್ಟು ಸೊಟ್ಟಗಾಗಿ ಬೆರಳಿನ ಹೊಟ್ಟೆ ಪಕ್ಕದ ತಂತಿಯ ಬಾಯಿ ಮುಚ್ಚುತ್ತದೆಂದೂ, ಅಂದರೆ ನೋಡುವುದರಿಂದಲೇ ತಾವು ಕೆಡುತ್ತೀರೆಂದೂ ಆಕೆಯ ವಾದ. ಇದನ್ನು ನಾನು ಒಪ್ಪಿಲ್ಲ, ದಾಖಲೆಗಿರಲಿ ಎಂದು ಹೇಳಿದ್ದೇನೆ ಅಷ್ಟೇ, ವಕೀಲರ ನೋಟಿಸಿನಲ್ಲಿ ಬರೆಯುವಂತೆ ವಿದೌಟ್ ಪ್ರಿಜುಡಿಸ್, ಅಥವಾ ವಿತ್.

ಇಷ್ಟೆಲ್ಲ ಆದರೂ ತಮ್ಮ ಪ್ರತಿಭೆಯ ಬಗ್ಗೆ ನನಗಿರುವ ಗೌರವ ಕುಂದಿಲ್ಲ. ಎರಡೂ ಕಣ್ಣುಗಳನ್ನು, ಒಂದು ಕುತ್ತಿಗೆಯನ್ನು, ಒಂದು ನೆತ್ತಿಯನ್ನು ದಿನವಿಡೀ ತಮ್ಮ ಒಬ್ಬರ ಸೇವೆಗೆ ನಿಯೋಜಿಸಿಕೊಳ್ಳುವುದು ದೊಡ್ಡ ಅಧಿಕಾರಿಗಳಿಗೂ ಸಾಧ್ಯವಾಗದ ಸಾಧನೆ. ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳನ್ನು ಧೈರ್ಯದಿಂದ ಮುಂದಿಡುತ್ತೇನೆ. ಸಾಧ್ಯವಾದರೆ ಉಂಗುರಬೆರಳಿನ ತುದಿಯಲ್ಲಿ ಪುಟ್ಟದೊಂದು ಕಣ್ಣನ್ನು ಬೆಳೆಸಿಕೊಳ್ಳುವುದು; ಕನ್ನಡಕದ ವೆಚ್ಚ ನನ್ನದಿರಲಿ. ಅದಾಗದಿದ್ದರೆ ನನ್ನ ಮುಖವನ್ನಾದರೂ ತಾವೇ ಸ್ವಲ್ಪ ಹೊತ್ತು ಧರಿಸಿ ಅಕ್ಕನ ಎದುರು ಹುಬ್ಬೆತ್ತುವುದು. ಅದೂ ಆಗದಿದ್ದರೆ, ಸಿ ಮತ್ತು ಜಿ ಎಂಬ ಎರಡು ಕಾರ್ಡುಗಳು ಪರಸ್ಪರ ಮಾತಾಡಿಕೊಂಡು ಒಂದೇ ಮನೆಯಲ್ಲಿ ವಾಸ ಮಾಡುವಂತೆ ಏರ್ಪಾಡು ಮಾಡಿಸುವುದು, ಓಡಾಟವೇ ತಪ್ಪುತ್ತದೆ.

ನಗುವ ಸಮಯವಲ್ಲವೆಂದು ಗೊತ್ತು. ನಿನ್ನೆ ಅಕ್ಕ ಸಿಟ್ಟು ಮಾಡಲಿಲ್ಲ, ಅದೇ ನನಗೆ ಭಯ ತಂದದ್ದು. ಸೊಂಟದ ಮೇಲಿನ ಕೈ ಇಳಿಸಿ, ಮೆಲ್ಲಗೆ, ‘ನಾಳೆ ಒಂದ್ಸಲ ನೋಡೋಣ. ನನ್ನ ಮುಖ ನೋಡಿದ್ರೆ ಹಾಡ್ತೀನಿ. ಇಲ್ದಿದ್ರೆ ಈ ಕುರ್ಚಿ ಒಳಗೆ ಹಾಕ್ಬಿಡು, ನೀನೂ ನಿನ್ನ ಕೈನೂ ಸಂಸಾರ ಮಾಡ್ಕೊಂಡಿರಿ’ ಎಂದಳು. ಅವಳು ಒಂದು ವಸ್ತುವನ್ನು ಒಳಗೆ ಹಾಕಿದರೆ ಅದು ಮತ್ತೆ ಹೊರಗೆ ಬರುವುದಿಲ್ಲ. ಗುಂಡಿ ಡಬ್ಬಿಯಲ್ಲಿರುವ ಯಂತ್ರವೇ ಸಾಕ್ಷಿ. ಹಾಡೂ ಆ ಡಬ್ಬಿ ಸೇರಿದರೆ ಈ ಮನೆಯಲ್ಲಿ ಉಳಿಯುವುದು ‘ಹೂಂ ಹೂಂ, ಆಗ್ಲಿ’ ಎಂಬ ಒಂದೇ ಮಾತು. ಆ ನಾಳೆ ಎಂಬುದು ಇವತ್ತು, ಮಾನ್ಯರೇ.

ಇಷ್ಟು ಬರೆದು ಪುಟ ಮಗುಚಲು ಹೋದಾಗ ಒಂದು ಸಂಗತಿ ಗಮನಕ್ಕೆ ಬಂತು. ಕಿಟಕಿಯ ಗಾಳಿಗೆ ಈ ಕಾಗದ ಹಾರದಂತೆ ಇಷ್ಟು ಹೊತ್ತೂ ತಾವೇ ಅಂಗೈ ಹರಡಿ ಒತ್ತಿ ಹಿಡಿದಿದ್ದೀರಿ. ಬರವಣಿಗೆ ಕೆಳಗೆ ಇಳಿದಂತೆ ತಾವೂ ಇಂಚಿಂಚಾಗಿ ಸರಿದು ಜಾಗ ಬಿಟ್ಟಿದ್ದೀರಿ. ತಮ್ಮ ಮೇಲಿನ ದೂರನ್ನೇ ತಾವು ಹಿಡಿದುಕೊಟ್ಟಿದ್ದೀರಿ, ನಾನು ಒಮ್ಮೆಯೂ ನೋಡಿರಲಿಲ್ಲ. ಆಗ ಹಳೆಯ ಕಾರು ನೆನಪಾಯಿತು. ಪಾಠ ಮುಗಿಸಿ ನಾನೇ ಓಡಿಸಿಕೊಂಡು ಹೊರಟ ಸಂಜೆಗಳಲ್ಲಿ ಗೇರಿನ ಮೇಲೆ ಕೂತಿರುತ್ತಿದ್ದವರು ತಾವು, ಅದರಾಚೆಯ ಸೀಟಿನಲ್ಲಿ ನನ್ನಾಕೆ. ಸಿಗ್ನಲ್ ಕೆಂಪಾದಾಗ ಅವಳು ತನ್ನ ಕೈಯನ್ನು ತಮ್ಮ ಮೇಲೆ ಇಡುತ್ತಿದ್ದಳು, ತಾವು ಮಗುಚಿಕೊಂಡು ಅಂಗೈ ಕೊಡುತ್ತಿದ್ದಿರಿ, ಹಸಿರಾಗುವ ಹೊತ್ತಿಗೆ ಏನೂ ಆಗದವರಂತೆ ಮೊದಲನೇ ಗೇರ್ ಹಾಕಿರುತ್ತಿದ್ದಿರಿ. ನಾನು ದೀಪ ನೋಡುತ್ತಿದ್ದೆ. ಅಷ್ಟು ವರ್ಷ ತಾವು ಅವಳ ಕೈಯನ್ನು ಹೇಗೆ ಹಿಡಿದಿರಿ ಎಂಬುದನ್ನು ನಾನು ಒಂದು ಸಲವೂ ನೋಡಿದವನಲ್ಲ. ತಪ್ಪು ಹಿಡಿದಿರೆಂದು ಅವಳು ಒಂದು ದಿನವೂ ಹೇಳಿದ್ದಿಲ್ಲ.

ಈ ವಾದದಿಂದ ನನ್ನ ದೂರು ದುರ್ಬಲವಾಗುತ್ತದೆಂದು ಬಲಗೈಯವರು ಬರೆಯುತ್ತ ಬರೆಯುತ್ತಲೇ ಎಚ್ಚರಿಸುತ್ತಿದ್ದಾರೆ. ಅದನ್ನು ಮುಂದಿನ ಸಾಲಿನಲ್ಲಿ ಸರಿಪಡಿಸೋಣವೆಂದರೆ ಸಾಲೇ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಎದ್ದು ಸ್ವಿಚ್ ಒತ್ತಿದೆ, ದೀಪ ಬರಲಿಲ್ಲ. ಇನ್ನೊಮ್ಮೆ ಒತ್ತಿ ತಲೆ ಎತ್ತಿದರೆ ಹೋಲ್ಡರ್ ಖಾಲಿ. ಕಿಟಕಿಯ ಪಕ್ಕದಲ್ಲಿ ಅಕ್ಕ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಬಲ್ಬು. ಈ ವಯಸ್ಸಿನಲ್ಲಿ ಯಾವ ಮಾಯದಲ್ಲಿ ಸ್ಟೂಲು ಹತ್ತಿ ಇಳಿದಳೋ. ‘ಮೇಲೇನೋ ನೋಡ್ತೀಯ? ಇಲ್ಲಿ ನೋಡು’ ಎನ್ನುತ್ತಿದ್ದಾಳೆ. ಕಿಟಕಿಯಲ್ಲಿ ಉಳಿದಿರುವ ಬೆಳಕು ಮುಖ ಕಾಣುವಷ್ಟಿದೆ, ತಂತಿ ಕಾಣುವಷ್ಟಿಲ್ಲ.

ಆದ್ದರಿಂದ ಮಾನ್ಯರೇ, ತಾವು ಈ ಕಾಗದವನ್ನು ಬಿಟ್ಟು ಗಿಟಾರಿನ ಕುತ್ತಿಗೆಯ ಬಳಿಗೆ ದಯಮಾಡಿಸಬೇಕಾಗಿ ವಿನಂತಿ. ನಾನು ಬೇರೆ ಕಡೆ ನೋಡುತ್ತಿರುತ್ತೇನೆ.

ಇಂತು, ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಭುಜದ ಮೇಲಿನ ಮನೆಯವನು

ತಾ. ಕ.: ಕೊನೆಯ ಈ ಸಾಲುಗಳನ್ನು ತಮ್ಮ ಸೋದರ ಬಲಗೈಯವರು ಕತ್ತಲಲ್ಲಿ, ನಾನು ನೋಡದೆಯೇ ಬರೆದರು, ಸುಮ್ಮನೆ ತಿಳಿಸಿದೆ. ತಾವು ತಪ್ಪು ತಂತಿ ಒತ್ತಿದರೂ ಅಕ್ಕನಿಗೆ ಕೇಳಿಸುವುದಿಲ್ಲ, ನನ್ನ ಮುಖ ಹುಳ್ಳಗಾದರೆ ಮಾತ್ರ ಕಾಣುತ್ತದೆ. ಮುಖವನ್ನು ನಾನು ಸಂಭಾಳಿಸುತ್ತೇನೆ. ಹಾಡು ಮುಗಿದ ಮೇಲೆ ಬಲ್ಬು ಹಾಕಲು ಸ್ಟೂಲು ಹತ್ತುವವನು ನಾನು, ಗೋಡೆ ಹಿಡಿಯುವವರು ತಾವು. ಆಗಲೂ ನಾನು ಮೇಲೆ ನೋಡುತ್ತಿರುತ್ತೇನೆಂಬುದನ್ನು ನುಡಿಸುವಾಗ ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳುವುದು; ಬಿದ್ದರೆ ಮೊದಲು ನೆಲಕ್ಕೆ ಊರಬೇಕಾದವರೂ ತಾವೇ.