ಡ್ರೈವರ್ ನಾಗಪ್ಪನ ಗಾಳಿ ಗ್ಲಾಸು

ನಾಗಪ್ಪ: ಇದಕ್ಕಿಂತ ದೊಡ್ಡ ಗ್ಲಾಸು ಕೊಡು ಮಾರಾಯ!

ಶಾದಾಬ್: ಇದಕ್ಕಿಂತ ದೊಡ್ಡದು ಬೇಕಾದ್ರೆ ಬಸ್ಸಿಂದೇ ಬಿಚ್ಚಿ ತರ್ಬೇಕು ನಾಗಪ್ಪಣ್ಣ.

ನಾಗಪ್ಪ: ಅದನ್ನೇ ತಾ. ವೈಪರ್ ಸಮೇತ.

ಸುಬ್ಬಲಕ್ಷ್ಮಿ: ಮೇಲೊಂದು ಬೋರ್ಡೂ ಬರೆಸಿ ಬಿಡಿ. ‘ಕೊಪ್ಪ–ದಾವಣಗೆರೆ, ಆಸ್ಪತ್ರೆ ಮಾರ್ಗವಾಗಿ’.

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಬೈಕಿನ ಬಿಡಿಭಾಗ ಮಾರುವ ಶಾದಾಬ್ ಅಂಗಡಿ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ. ಅಷ್ಟರಲ್ಲೇ ಈ ದಂಪತಿ ಬಂದು ನಿಂತಿದ್ದರು. ನಾಗಪ್ಪ ಶೃಂಗೇರಿ–ದಾವಣಗೆರೆ ಬಸ್ಸನ್ನು ಮೂವತ್ತು ವರ್ಷ ಓಡಿಸಿ ಈ ಸಲದ ಮಳೆಗಾಲ ಮುಗಿದ ಮೇಲೆ ಸ್ಟೇರಿಂಗ್ ಬಿಟ್ಟವರು. ಗಾಳಿ ಎನ್ನುವುದನ್ನು ಅವರು ಅಷ್ಟು ಕಾಲವೂ ಗಾಜಿನ ಆಚೆ, ಮರಗಳ ತುದಿಯಲ್ಲಿ ಮಾತ್ರ ಕಂಡಿದ್ದರು. ಊರವರ ಹೆಂಡತಿಯರನ್ನೆಲ್ಲ ಅಲ್ಲಿಗೆ ಇಲ್ಲಿಗೆ ಮುಟ್ಟಿಸಿದವರು ತಮ್ಮ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲವಲ್ಲ ಎಂಬ ಸಂಕಟಕ್ಕೆ ಒಂದು ಬೈಕು ಕೊಂಡರು. ಅದಕ್ಕೆ ಶಾದಾಬ್ ಬೇಡವೆಂದರೂ ಕೇಳದೆ ಗಾಳಿ ತಡೆಯಲು ಮುಂದೆ ತಲೆ ಎತ್ತರದ ಗ್ಲಾಸು ಹಾಕಿಸಿದರು. ಹೋದ ವಾರ ಶಿವಮೊಗ್ಗಕ್ಕೆ ಹೋಗಿ ಬಂದಾಗ, ನೀರಿದೆಯೋ ಇಲ್ಲವೋ ಎಂದು ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ ಗಾಳಿ ಇಬ್ಬರ ತಲೆಯನ್ನೂ ಹಿಡಿದು ಅಲ್ಲಾಡಿಸಿತ್ತು. ಮನೆ ತುಂಬ ನೋವಿನ ಮುಲಾಮಿನ ವಾಸನೆ ಇನ್ನೂ ಹೋಗಿರಲಿಲ್ಲ.

ಸುಬ್ಬಲಕ್ಷ್ಮಿ: ಕುತ್ತಿಗೆ ಕಳಚಿ ಬೀಳುತ್ತೆ ಅನ್ನಿಸ್ತು ಶಾದಾಬ್. ನಿಲ್ಸಿ ಅಂತ ಇವ್ರ ಬೆನ್ನಿಗೆ ತಟ್ಟಿದೆ. ಇವ್ರು ಇನ್ನೂ ಜೋರಾಗಿ ಓಡ್ಸಿದ್ರು!

ನಾಗಪ್ಪ: ನೀನು ಎರಡು ಸಲ ತಟ್ಟಿದೆ.

ಸುಬ್ಬಲಕ್ಷ್ಮಿ: ಹೌದು. ಒಂದು ತಟ್ಟಿದ್ದು ಗೊತ್ತಾಗ್ಲಿಲ್ವೇನೋ ಅಂತ ಇನ್ನೊಂದು ತಟ್ಟಿದೆ.

ನಾಗಪ್ಪ: ಕಂಡಕ್ಟರ್ ಒಂದು ತಟ್ಟಿದ್ರೆ ಸ್ಟಾಪ್. ಎರಡು ಅಂದ್ರೆ ರೈಟ್. ರೈಟ್ ಕೊಟ್ಮೇಲೆ ಗಾಡಿ ನಿಲ್ಸೋ ಡ್ರೈವರ್ ಎಲ್ಲಾದ್ರೂ ಇದಾನಾ?

ಸುಬ್ಬಲಕ್ಷ್ಮಿ: ಆಮೇಲೆ ನಾಲ್ಕು ತಟ್ಟಿದೆ!

ನಾಗಪ್ಪ: ಅದು ಎರಡು ಸಲ ರೈಟ್. ಏನೋ ಅರ್ಜೆಂಟಿದೆ ಅಂದ್ಕೊಂಡೆ.

ಶಾದಾಬ್ ನಗು ತಡೆಯಲಾರದೆ ಪೊರಕೆಯ ಕಡೆ ತಿರುಗಿ ಕೆಮ್ಮಿದ.

ಶಾದಾಬ್: ಅಣ್ಣ, ಗ್ಲಾಸು ದೊಡ್ಡದಾಗಿದ್ದೇ ತೊಂದ್ರೆ. ಸ್ವಲ್ಪ ಗಾಳಿ ಬಿಡ್ಬೇಕು.

ನಾಗಪ್ಪ: ಬಿಡೋದು ಎಂತಕ್ಕೆ? ನಿನ್ನೆ ತಾನೇ ಎರಡೂ ಚಕ್ರಕ್ಕೆ ಹಿಡಿಸಿದ್ದೀನಿ.

ಶಾದಾಬ್: ಚಕ್ರದ್ದಲ್ಲ ಅಣ್ಣ, ಮುಂದಿಂದ ಬರೋ ಗಾಳಿ! ಅದು ಈ ಗ್ಲಾಸಿಗೆ ಹೊಡೆದು ಮೇಲೆ ಹಾರಿ ಸುರುಳಿ ಸುತ್ಕೊಂಡು ಸೀದಾ ನಿಮ್ಮ ತಲೆ ಮೇಲೇ ಬೀಳ್ತಾ ಇದೆ. ಗ್ಲಾಸು ಎದೆಮಟ್ಟಕ್ಕೆ ಇಳಿಸ್ಬೇಕು. ಬುಡದಲ್ಲಿ ವಾಷರ್ ಕೊಟ್ಟು ಸಂದು ಮಾಡ್ಬೇಕು.

ನಾಗಪ್ಪ: ಸೋರೋ ಮನೆಯ ಮಾಡಿಗೆ ಇನ್ನೊಂದು ತೂತು ಮಾಡು ಅಂದ ಹಾಗಾಯ್ತು. ಗಾಳಿ ತಡೆಯೋಕೆ ಬಂದ್ರೆ ಗಾಳಿಗೆ ದಾರಿ ಮಾಡ್ತಾನಂತೆ!

ಸುಬ್ಬಲಕ್ಷ್ಮಿ: ನೀವಿಬ್ರೂ ಜಗಳ ಆಡ್ಕೊಂಡಿರಿ. ಅಬ್ದುಲ್ ಅಜೀಜನ ಬಸ್ಸು ಇನ್ನೇನು ಬರುತ್ತೆ. ನಾನು ಅದ್ರಲ್ಲಿ ಹೋಗ್ತೀನಿ.

ನಾಗಪ್ಪನ ಮುಖ ಸಣ್ಣದಾಯಿತು. ಅಬ್ದುಲ್ ಅಜೀಜ್ ಹಿಂದೆ ನಾಗಪ್ಪನ ಬಸ್ಸಿನಲ್ಲೇ ಕ್ಲೀನರ್ ಆಗಿದ್ದವನು, ಅವರ ಕೈಯಲ್ಲೇ ಡ್ರೈವಿಂಗ್ ಕಲಿತವನು. ಈಗ ಅವರದೇ ಸೀಟಿನಲ್ಲಿ ಕೂತಿದ್ದಾನೆ. ನಾಳೆ ದಾವಣಗೆರೆಯಲ್ಲಿ ಸುಬ್ಬಲಕ್ಷ್ಮಿಯ ತಂಗಿ ಅರ್ಪಣಾಳ ಹೊಸ ಮನೆಯ ಗೃಹಪ್ರವೇಶ. ಹೆಂಡತಿ ಅಜೀಜನ ಬಸ್ಸಿನಲ್ಲಿ, ತಾವು ಒಬ್ಬರೇ ಬೈಕಿನಲ್ಲಿ ಹೋಗಿ ಇಳಿದರೆ ನೆಂಟರೆದುರು ಬಾಯಿ ಬಿಡುವುದಾದರೂ ಹೇಗೆ?

ನಾಗಪ್ಪ: ನಿಲ್ಲು ಮಾರಾಯ್ತಿ. ಗ್ಲಾಸಿನ ಬುಡದಲ್ಲಿ ಸಂದು ಮಾಡಿದ್ರೆ ಗಾಳಿ ಕಮ್ಮಿ ಆಗುತ್ತೆ ಅನ್ನೋದನ್ನ ನೀನು ನಂಬ್ತೀಯಾ?

ಸುಬ್ಬಲಕ್ಷ್ಮಿ: ಯಾಕೆ ನಂಬಬಾರ್ದು? ಬಸ್ಸಲ್ಲಿ ಯಾರಾದ್ರೂ ಒಂದೇ ಕಿಟಕಿ ತೆಗೆದ್ರೆ ಕಿವಿಗೆ ಗುದ್ದಿದ ಹಾಗೆ ಆಗ್ತಿತ್ತಲ್ಲ, ಆಗ ನೀವು ಎಂತ ಕೂಗ್ತಿದ್ರಿ?

ನಾಗಪ್ಪ: ‘ಹಿಂದಿಂದೂ ಒಂಚೂರು ತೆಗೀರಿ’ ಅಂತ.

ಸುಬ್ಬಲಕ್ಷ್ಮಿ: ಅವನು ಹೇಳ್ತಾ ಇರೋದೂ ಅದನ್ನೇ.

ನಾಗಪ್ಪ ಗ್ಲಾಸನ್ನು ನೋಡಿದರು, ಶಾದಾಬನನ್ನು ನೋಡಿದರು. ಬಳಿಕ ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೇಳಿದರು:

ನಾಗಪ್ಪ: ಕಿಟಕಿ ಅಂತ ಮೊದ್ಲೇ ಹೇಳೋದಲ್ವನಾ? ವಾಷರು ಗೀಷರು ಅಂದ್ರೆ ಯಾರಿಗೆ ಅರ್ಥ ಆಗುತ್ತೆ!

ಶಾದಾಬ್ ಉದ್ದನೆ ಗ್ಲಾಸು ಬಿಚ್ಚಿ ಗಿಡ್ಡನೆಯದನ್ನು ಕೂರಿಸಿದ. ಬುಡದಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟ. ಸುಬ್ಬಲಕ್ಷ್ಮಿಯ ತಲೆಯಲ್ಲಿ ಗಿರಗಿರ ತಿರುಗುತ್ತಿದ್ದ ದೊಡ್ಡ ಹೆಲ್ಮೆಟ್ ತೆಗೆಸಿ ಬಿಗಿಯಾದದ್ದೊಂದನ್ನು ಕೊಟ್ಟ. ಶಾಲಿನ ತುದಿಯನ್ನು ಸ್ವೆಟರಿನ ಒಳಗೆ ಸಿಕ್ಕಿಸಿಕೊಳ್ಳಿ ಎಂದ.

ಸುಬ್ಬಲಕ್ಷ್ಮಿ: ಎನ್.ಆರ್. ಪುರದವರೆಗೆ ನೋಡ್ತೀನಿ. ತಲೆ ಅಲ್ಲಾಡ್ತೋ, ಅಲ್ಲೇ ಇಳಿದು ಬಸ್ಸು ಹತ್ತೋದೇ.

ಬೈಕು ಹೊರಟಿತು. ಕೊಪ್ಪದ ತಿರುವುಗಳು ಮುಗಿದು ರಸ್ತೆ ಸ್ವಲ್ಪ ನೇರವಾದಾಗ ನಾಗಪ್ಪ ಹಲ್ಲು ಕಚ್ಚಿಕೊಂಡು ವೇಗ ಏರಿಸಿದರು. ಗುದ್ದು ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾದರು. ಬೀಳಲಿಲ್ಲ. ಗಾಳಿ ಹೆಲ್ಮೆಟ್ಟಿನ ಎರಡೂ ಬದಿಯಲ್ಲಿ ಹಳ್ಳದ ನೀರಿನಂತೆ ಒಂದೇ ಸಮನೆ ಹರಿದು ಹೋಗುತ್ತಿತ್ತು. ಹಿಂದಿನಿಂದ ಸದ್ದೇ ಇಲ್ಲ. ಖುಷಿಯಾಗಬೇಕಾದಲ್ಲಿ ಅವರಿಗೆ ದಿಗಿಲಾಯಿತು.

ನಾಗಪ್ಪ: ಇದ್ದೀಯಾ?

ಸುಬ್ಬಲಕ್ಷ್ಮಿ: ಇದ್ದೀನಿ.

ನಾಗಪ್ಪ: ಕುತ್ತಿಗೆ?

ಸುಬ್ಬಲಕ್ಷ್ಮಿ: ಅದೂ ಇದೆ. ರಸ್ತೆ ನೋಡಿ.

ನಾಗಪ್ಪನ ಎದೆ ಉಬ್ಬಿತು. ದಾವಣಗೆರೆಯೇಕೆ, ಇದೇ ಬೈಕಿನಲ್ಲಿ ಇವಳನ್ನು ಕಾಶಿಗೂ ಮುಟ್ಟಿಸಿಯೇನು ಎಂದುಕೊಂಡರು. ಕಾಶಿ ಇನ್ನೂ ಮನಸ್ಸಿನಲ್ಲಿ ಇರುವಾಗಲೇ ಹಿಂದೆ ಹಾರ್ನ್ ಅಬ್ಬರಿಸಿತು. ಮೊಣಕೈಗೆ ತಾಗಿತೋ ಎನ್ನುವಷ್ಟು ಹತ್ತಿರದಲ್ಲಿ ಒಂದು ಬಸ್ಸು ಸುಯ್ಯೆಂದು ದಾಟಿತು. ಅದರ ಬೆನ್ನಿಗೇ ಗಾಳಿಯ ಗೋಡೆಯೊಂದು ಬಂದು ಬಡಿಯಿತು. ಬೈಕು ಎಡಕ್ಕೆ ವಾಲಿ, ಬಲಕ್ಕೆ ತೂರಾಡಿ, ರಸ್ತೆ ಪಕ್ಕದ ಕೆಸರಿನಲ್ಲಿ ಹೋಗಿ ನಿಂತಿತು. ಬಿದ್ದಿರಲಿಲ್ಲ, ಅಷ್ಟೇ ಪುಣ್ಯ. ಕೆಸರು ನಾಗಪ್ಪನ ಹೆಲ್ಮೆಟ್ಟಿನವರೆಗೂ ಸಿಡಿದಿತ್ತು.

ಬಸ್ಸೂ ಮುಂದೆ ಹೋಗಿ ಗಕ್ಕನೆ ನಿಂತಿತು. ಬೈಕು ತೂರಾಡಿದ್ದು ಕನ್ನಡಿಯಲ್ಲಿ ಕಂಡಿರಬೇಕು, ಅಬ್ದುಲ್ ಅಜೀಜ್ ಇಳಿದು ಓಡಿಬಂದ.

ಅಜೀಜ್: ಅಯ್ಯೋ ನಾಗಪ್ಪಣ್ಣ, ನೀವಾ! ಹೆಲ್ಮೆಟ್ಟಲ್ಲಿ ಗೊತ್ತಾಗ್ಲಿಲ್ಲ. ಪೆಟ್ಟಾಯ್ತಾ ಅಕ್ಕ?

ಸುಬ್ಬಲಕ್ಷ್ಮಿ: ನನಗೆಂತ ಆಗ್ಲಿಲ್ಲ. ಇವ್ರನ್ನ ಕೇಳು.

ನಾಗಪ್ಪ: ಇದೆಂತ ಓಡ್ಸೋದನಾ? ಬೈಕಲ್ಲಿ ಹೋಗೋರು ಮನುಷ್ಯರಲ್ವಾ? ಯಾವನು ನಿನಗೆ ಸ್ಟೇರಿಂಗ್ ಕೊಟ್ಟಿದ್ದು?

ಅಜೀಜ್: ನೀವೇ ಅಣ್ಣ.

ನಾಗಪ್ಪ: ಅದಲ್ಲ! ಹೀಗೆ ಒರೆಸ್ಕೊಂಡು ಹೋಗು ಅಂತ ಯಾರು ಹೇಳಿಕೊಟ್ಟಿದ್ದು?

ಅಜೀಜ್ ಕತ್ತು ಕೆರೆದುಕೊಂಡ.

ಅಜೀಜ್: ಅದೂ ನೀವೇ. ‘ಬೈಕಿನವ್ರಿಗೆ ಸೈಡು ಕೇಳ್ತಾ ಕೂರ್ಬೇಡ, ಬಸ್ಸಿನ ಗಾಳಿ ತಾಗ್ಸು, ತಾವಾಗೇ ರಸ್ತೆ ಬಿಟ್ಟು ಕೆಳಗೆ ಇಳೀತಾರೆ’ ಅಂತ.

ಬಸ್ಸಿನ ಕಿಟಕಿಗಳಿಂದ ಕಿಸಕ್ಕೆಂದು ನಗು ಬಂತು. ನಾಗಪ್ಪ ಬಗ್ಗಿ ಗ್ಲಾಸಿನ ಸಂದನ್ನು ಪರೀಕ್ಷಿಸತೊಡಗಿದರು, ತಪ್ಪು ಅಲ್ಲೇ ಎಲ್ಲೋ ಇರಬೇಕು ಎಂಬಂತೆ. ತಮ್ಮ ಕನ್ನಡಿಯಲ್ಲಿ ಹೀಗೆ ತೂರಾಡಿ ಮರೆಯಾದ ಬೈಕುಗಳು ಒಂದೆರಡಲ್ಲ. ಅವು ಆಮೇಲೆ ಏನಾದವು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಾಗಪ್ಪ: ಅದು... ಇನ್ಮೇಲೆ ಹಾಗೆ ಮಾಡ್ಬೇಡ. ತಪ್ಪು ಹೇಳ್ಕೊಟ್ಟಿದ್ದೆ ಮಾರಾಯ. ಸ್ವಲ್ಪ ದೂರ ಬಿಟ್ಟು ಹೋಗು.

ಅಜೀಜ್: ಆಯ್ತಣ್ಣ. ಅಕ್ಕ, ನೀವು ಬನ್ನಿ. ಮುಂದಿನ ಸೀಟು ಖಾಲಿ ಇದೆ, ಗಾಳಿ ಇಲ್ಲ ಗೀಳಿ ಇಲ್ಲ.

ಸುಬ್ಬಲಕ್ಷ್ಮಿ ಬಸ್ಸಿನ ಕಡೆ ನೋಡಿದರು. ನಾಗಪ್ಪ ಗ್ಲಾಸಿನ ಸಂದಿನಲ್ಲೇ ಬೆರಳಾಡಿಸುತ್ತ ನಿಂತರು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಹೋಗು ಎನ್ನಲು ಮನಸ್ಸು ಬರಲಿಲ್ಲ. ಸುಬ್ಬಲಕ್ಷ್ಮಿ ಸೆರಗಿನಿಂದ ಗಂಡನ ಹೆಲ್ಮೆಟ್ಟಿನ ಮೇಲಿನ ಕೆಸರನ್ನು ಒರೆಸಿದರು, ತಮ್ಮ ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡು ಬೈಕು ಹತ್ತಿ ಕೂತರು.

ಸುಬ್ಬಲಕ್ಷ್ಮಿ: ಬೇಡ ಅಜೀಜ, ನೀನು ಹೋಗು. ಇಷ್ಟು ವರ್ಷ ಇವ್ರು ಊರವ್ರಿಗೆಲ್ಲ ಗಾಳಿ ತಿನ್ನಿಸಿದ್ದಾರೆ. ದಾವಣಗೆರೆವರೆಗೆ ಇನ್ನೂ ಎಷ್ಟು ಬಸ್ಸು ದಾಟ್ತಾವೋ, ಇವ್ರು ತಿನ್ನೋದನ್ನ ನಾನು ಹತ್ತಿರದಿಂದ್ಲೇ ನೋಡ್ಬೇಕು!