ಸೆರೆಮನೆಯ ಗೊಂಬೆಗಳ ಕುರಿತು ಒಂದು ಅರಿಕೆ

ಲಿಂಗಸುಗೂರಿನ ಹಳೆಯ ಸೆರೆಮನೆಯನ್ನು ಸ್ಮಾರಕವಾಗಿ ಕಾಪಾಡುತ್ತಿರುವ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ಮಸ್ಕಿಯ ಬಟ್ಟೆ ವ್ಯಾಪಾರಿ ವಿರೂಪಾಕ್ಷಪ್ಪ ಮಾಡುವ ಸಾಷ್ಟಾಂಗ ವಂದನೆಗಳು. ನಲವತ್ತೆಂಟರಲ್ಲಿ ಬಾವುಟ ಏರಿಸಿದ ತಪ್ಪಿಗೆ ನನ್ನನ್ನೂ, ಅದನ್ನು ಹೊಲಿದುಕೊಟ್ಟ ತಪ್ಪಿಗೆ ಮುದಗಲ್ಲಿನ ದರ್ಜಿ ಶೇಕ್ಷಾವಲಿಯನ್ನೂ ನಿಜಾಮರ ಪೊಲೀಸರು ಇದೇ ಸೆರೆಮನೆಯಲ್ಲಿ ಇಟ್ಟಿದ್ದರು. ಆಗ ಹೊರಗೆ ಹೋಗಲು ಅಪ್ಪಣೆ ಬೇಕಿತ್ತು, ಈಗ ಒಳಗೆ ಬರಲು ಬೇಕು. ಇಷ್ಟಾದರೂ ಬದಲಾಯಿತಲ್ಲ ಎಂದು ಸಂತೋಷಪಟ್ಟು ಕಳೆದ ಸೋಮವಾರ ನಾನು, ಶೇಕ್ಷಾವಲಿ, ಅವನ ಪುಟ್ಟ ಮೊಮ್ಮಗಳು ಬಂದು ದರ್ಶನ ಪಡೆದೆವು.

ಎಂಥ ಚೊಕ್ಕಟ! ನಾವಿದ್ದಾಗ ತಿಗಣೆಗಳು ಜಾಗ ಸಾಲದೆ ನಮ್ಮ ಮೈಮೇಲೆಯೇ ಬಿಡಾರ ಹೂಡಿದ್ದವು. ಈಗ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಬಾಗಿಲಿಗೆ ತೋರಣ. ಪವಿತ್ರ ಸ್ಥಳವೆಂದು ನಮ್ಮ ಚಪ್ಪಲಿ ಬಿಡಿಸಿದವನು ಕಾವಲುಗಾರ ಹೊನ್ನೂರಪ್ಪ. ಅಂದು ಬಾರಕೋಲು ಹಿಡಿದು ನಮ್ಮಿಬ್ಬರ ಯೋಗಕ್ಷೇಮ ವಿಚಾರಿಸುತ್ತಿದ್ದವನೂ ಅವನೇ. ಬೀಗಗಳ ಮರ್ಮ ಬಲ್ಲವನೆಂದು ತಾವು ಅವನನ್ನೇ ಉಳಿಸಿಕೊಂಡು, ಬಂದವರಿಗೆ ಇತಿಹಾಸ ಹೇಳುವ ಕೆಲಸವನ್ನೂ ವಹಿಸಿದ್ದೀರಿ. ಅನುಭವಸ್ಥನಿಗೆ ಸಲ್ಲಬೇಕಾದ ಮರ್ಯಾದೆ ಸಂದಿದೆ.

ಅವನನ್ನು ಕೇಳಿ ಮಾಡಿಸಿದ ಮಣ್ಣಿನ ಗೊಂಬೆಗಳಂತೂ ಅದ್ಭುತ. ಖೈದಿಯ ಹಣೆಗೆ ಮೂರು ಬೆರಳ ವಿಭೂತಿ; ಬಾರಕೋಲು ಎತ್ತಿದ ಕಾವಲುಗಾರನಿಗೆ ಗಡ್ಡ, ಟೋಪಿ. ವಿಭೂತಿ ಹಚ್ಚಿಕೊಂಡು ಹೊಡೆಯುತ್ತಿದ್ದವನು ಹೊನ್ನೂರಪ್ಪ, ಗಡ್ಡ ಬಿಟ್ಟುಕೊಂಡು ಹೊಡೆಸಿಕೊಳ್ಳುತ್ತಿದ್ದವನು ಶೇಕ್ಷಾವಲಿ ಎಂಬ ಸಣ್ಣ ಸಂಗತಿಯೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿದೆ. ಶೇಕ್ಷಾವಲಿ ಆ ಕಾವಲುಗಾರನ ಗೊಂಬೆಯನ್ನು ಒಂದು ಸುತ್ತು ಬಂದು, "ಅಂಗಿ ಹೊಲಿಗಿ ಸರಿ ಬಂದಿಲ್ರೀ" ಎಂದಷ್ಟೇ ಹೇಳಿದ. ಮೊಮ್ಮಗಳು ಮಾತ್ರ ಗೊಂಬೆಯ ಗಡ್ಡವನ್ನೂ ಅಜ್ಜನ ಗಡ್ಡವನ್ನೂ ನೋಡಿ, ಹಿಡಿದಿದ್ದ ಕೈ ಬಿಟ್ಟಳು. ಅಂದಿನಿಂದ ಅಜ್ಜನ ಮಗ್ಗುಲಲ್ಲಿ ಮಲಗುತ್ತಿಲ್ಲವಂತೆ.

ಆದ್ದರಿಂದ ಆ ಗಡ್ಡ, ಟೋಪಿಗಳನ್ನು ಖೈದಿಯ ಗೊಂಬೆಗೆ ವರ್ಗ ಮಾಡಿಕೊಡಬೇಕೆಂದು ಪ್ರಾರ್ಥನೆ. ಅದಕ್ಕೆ ಮೇಲಿನವರ ಒಪ್ಪಿಗೆ ಸಿಗದಿದ್ದರೆ, ನಮ್ಮಿಬ್ಬರನ್ನು ಮತ್ತೆ ಒಳಗೆ ಹಾಕಿ, ಹೊನ್ನೂರಪ್ಪನ ಕೈಗೆ ಬಾರಕೋಲು ಕೊಟ್ಟು, ಆ ಹುಡುಗಿಯ ಕಣ್ಣೆದುರು ಒಂದು ಸಲ ಹಿಂದಿನ ಪದ್ಧತಿಯಂತೆ ಹೊಡೆಸಬೇಕು. ತಮಗೆ ತೊಂದರೆಯಾಗದಂತೆ ಬೆನ್ನುಗಳನ್ನು ನಾವೇ ತರುತ್ತೇವೆ.

ತಮ್ಮ ವಿಶ್ವಾಸಿ,
ವಿರೂಪಾಕ್ಷಪ್ಪ, ಮಸ್ಕಿ

ತಾ.ಕ.: ನಿನ್ನೆ ಶೇಕ್ಷಾವಲಿ ಅಂಗಿ ಬಿಚ್ಚಿ, ಬೆನ್ನ ಮೇಲಿನ ಬಾರಕೋಲಿನ ಗುರುತುಗಳನ್ನು ಮೊಮ್ಮಗಳಿಗೆ ತೋರಿಸಿದ. ತಮ್ಮ ಸ್ಮಾರಕದಲ್ಲಿ ಇತಿಹಾಸ ಕಲಿತ ಮಗು ಅವನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಳಿತು: "ಖೈದಿಗಳು ನಿನಗ ತಿರುಗಿ ಹೊಡದ್ರೇನಜ್ಜಾ?"