ತಂಡೇಲನ ಮೀಸೆಯೂ ಮಂಜಿನ ದೊರೆಯೂ

ಹೆದರಿಕೆಯ ಸಂಗತಿಗಳಿಗೆ ನನ್ನ ಮನೆಯ ದಾರಿ ಚೆನ್ನಾಗಿ ಗೊತ್ತುಂಟು. ಕಡಲಿನಲ್ಲಿದ್ದಾಗ ಅಲ್ಲಿಗೆ ಬರುತ್ತಿದ್ದವು, ಈಗ ದಡ ಹತ್ತಿ ಮಣ್ಣಗುಡ್ಡದ ಮಗನ ಮನೆಯಲ್ಲಿ ಕೂತರೆ ಇಲ್ಲಿಗೂ ಬರುತ್ತವೆ. ನಾನು ತಂಡೇಲ, ಅಂದರೆ ಮೀನಿನ ಬೋಟು ನಡೆಸಿದವ. ಶಾಲೆಯ ಮೆಟ್ಟಿಲು ಹತ್ತಿದ್ದು ಓಟು ಹಾಕಲಿಕ್ಕೆ ಮಾತ್ರ. ಆದರೆ ಫಳ್ನೀರಿನ ಫ್ಲಾಟುಗಳಷ್ಟು ಎತ್ತರದ ಅಲೆಯ ಮೇಲೆ ಬೋಟು ಹತ್ತಿಸಿ, ತುದಿಯಲ್ಲಿ ನಿಲ್ಲಿಸಿ, ಒಂದು ಬೀಡಿ ಸೇದಿ ಮುಗಿಸಿ ಆ ಕಡೆಯಿಂದ ಇಳಿಸಿದ್ದೇನೆ. ನನ್ನ ಮೀಸೆಯ ಎಡ ತುದಿ ನಡುಗಿದರೆ ತೆಂಕಣ ಗಾಳಿ, ಬಲ ತುದಿ ನಡುಗಿದರೆ ಬಡಗಣ ಗಾಳಿ. ಬೇರೆ ಬೋಟಿನವರು ಕಡಲಿಗೆ ಇಳಿಯುವ ಮೊದಲು ಬಂದು ನನ್ನ ಮೀಸೆ ನೋಡಿ ಹೋಗುತ್ತಿದ್ದರು. ಆ ಮೀಸೆಗೆ ಅಪಾಯ ಬಂದದ್ದು ಹೇಗೆ ಅಂತ ಹೇಳ್ತೇನೆ.

ಡ್ರ್ಯಾಗನ್ ಸಾಕಾಗಲಿಲ್ಲ

ನನ್ನ ಮೊಮ್ಮಗಳು ಭಾನುವಾರ ಮಧ್ಯಾಹ್ನ ಇಬ್ಬರು ಸ್ನೇಹಿತರನ್ನು ಕೂಡಿಸಿಕೊಂಡು ಚಾವಡಿಯಲ್ಲಿ ಒಂದು ಆಟ ಆಡುತ್ತಾಳೆ. ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ವೀರರು. 'ಈಗ ಎಂತ ಮಾಡ್ತೀರಿ?' ಅಂತ ಕಥೆಯವರು ಕೇಳಿದರೆ ವೀರರು ಹೇಳಬೇಕು, ಆಮೇಲೆ ಇಪ್ಪತ್ತು ಮುಖದ ಒಂದು ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದರೆ ಹೇಳಿದ್ದು ಆಗುತ್ತದೆ. ಸ್ನೇಹಿತರಲ್ಲಿ ಒಬ್ಬಳು ಜೆಪ್ಪುವಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬ ಬ್ಯಾರಿ ಮುಸ್ಲಿಮರ ಹುಡುಗ, ಅಪ್ಪನ ಬಟ್ಟೆ ಅಂಗಡಿ ನೋಡಿಕೊಳ್ಳುವವ.

ಅವತ್ತು ಮೊಮ್ಮಗಳ ಕಥೆಯಲ್ಲಿ ಮೂರು ತಲೆಯ ಡ್ರ್ಯಾಗನ್ ಬಂತು. ಅಂಗಡಿಯ ಹುಡುಗ ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡೇ ಮೂರೂ ತಲೆ ಕಡಿದ.

'ಇದೆಂತ ಹೆದರಿಕೆ ಮಾರಾಯ್ತಿ? ಬಂಗುಡೆ ಮೀನು ಕ್ಲೀನ್ ಮಾಡಿದ ಹಾಗೆ ಉಂಟು,' ಅಂದೆ.

'ಹಾಗಾದ್ರೆ ನೀವೇ ಹೇಳಿ ಅಜ್ಜ. ಆದ್ರೆ ನಾವು ಹೆದರಬೇಕು, ನೀವು ಹೆದರಬಾರದು.'

'ನಾನಾ? ಈ ಆಟದಲ್ಲಿ ನಾನು ಹೆದರಿದ್ರೆ ಮೀಸೆ ಬೋಳಿಸಿಕೊಳ್ತೇನೆ!'

ಅಡುಗೆಮನೆಯಿಂದ ನನ್ನ ಹೆಂಡತಿ, 'ಬಾಯಿಗೆ ಬಂದದ್ದೆಲ್ಲ ಹೇಳ್ಬೇಡಿ. ಕೇಳಿಸಿಕೊಳ್ಳುವವರು ಇರ್ತಾರೆ,' ಅಂದಳು.

ನಾನು ಕಥೆಯವರ ಕುರ್ಚಿ ಹತ್ತಿ ಕೂತೆ. ನಮ್ಮಲ್ಲಿ ಒಂದು ಕ್ರಮ ಉಂಟು. ಯಾವ ಬೋಟಿನವನೇ ನೀರಿಗೆ ಬೀಳಲಿ, ಹತ್ತಿರ ಇದ್ದವರೆಲ್ಲ ಬಲೆ ಬಿಟ್ಟು ಅವನನ್ನು ಹುಡುಕಬೇಕು. ಜಗಳ ಆಡಿದವನಾದರೂ ಸರಿ. ಅದನ್ನೇ ಕಥೆಗೆ ಹಾಕಿದೆ.

'ನಿಮ್ಮ ಊರಿಗೆ ಜ್ವರ ಬಂದಿದೆ. ಬಂಗಾರದ ಮೀನು ಒಂದೇ ಅದಕ್ಕೆ ಮದ್ದು. ಆ ಮೀನು ನಿಮ್ಮ ಬಲೆ ತುಂಬ ಬಿದ್ದಿದೆ. ಅಷ್ಟರಲ್ಲಿ ಮಂಜಿನೊಳಗೆ ಯಾರೋ ಕೂಗ್ತಾನೆ, ಮುಳುಗ್ತಾ ಇದ್ದೇನೆ ಅಂತ. ಬಲೆ ಕಡಿದರೆ ಮಾತ್ರ ಬೋಟು ತಿರುಗ್ತದೆ. ಈಗ ಎಂತ ಮಾಡ್ತೀರಿ?'

ಮೂವರ ಕೈಯೂ ಗೋಳಿಬಜೆಯ ತಟ್ಟೆಯಿಂದ ಹಿಂದೆ ಹೋಯಿತು.

'ಕಡಿಯುವ,' ಅಂದಳು ನರ್ಸ್.

'ಊರಿನವರು ಸಾಯಲಿಕ್ಕಾ?' ಅಂದ ಅಂಗಡಿಯ ಹುಡುಗ. 'ಅಜ್ಜ, ಹಗ್ಗ ಎಸೆದರೆ?'

'ಹಗ್ಗ ಮುಟ್ಟುವುದಿಲ್ಲ.'

ಗುಟ್ಟು ಇಲ್ಲಿಯೇ ಇರುವುದು. ಒಂದು ಕಡೆ ದೇವರು, ಇನ್ನೊಂದು ಕಡೆ ರಾಕ್ಷಸ ಇಟ್ಟರೆ ಮಕ್ಕಳೂ ಆರಿಸ್ತಾರೆ. ಎರಡು ಕಡೆಯೂ ಮನುಷ್ಯರನ್ನೇ ಇಡಬೇಕು, ಮತ್ತೆ ಮಧ್ಯದ ಕಿಂಡಿಗಳನ್ನೆಲ್ಲ ಮುಚ್ಚಬೇಕು. ಮುಚ್ಚಿ ಆದ ಮೇಲೆ ನಾನು ಮೆಲ್ಲಗೆ, ನೀರು ಕುಡಿದವನ ಸ್ವರದಲ್ಲಿ, 'ಅಣ್ಣಾ... ಅಣ್ಣಾ...' ಅಂತ ಕೂಗುತ್ತಾ ಹೋದೆ. ಪ್ರತಿ ಸಲವೂ ಸ್ವರ ಸ್ವಲ್ಪ ಸಣ್ಣ ಮಾಡಿದೆ. ನರ್ಸ್ ಕಣ್ಣು ಒರೆಸಿಕೊಂಡಳು. ಮೊಮ್ಮಗಳು ಉಗುರು ಕಚ್ಚಿದಳು. ಕೊನೆಗೆ ಬಲೆ ಕಡಿದರು, ಮುಳುಗುವವನನ್ನು ಎತ್ತಿದರು, ಬರಿಗೈಯಲ್ಲಿ ಊರಿಗೆ ತಿರುಗಿದರು.

ಹೋಗುವಾಗ ಅಂಗಡಿಯ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕೈ ಹಿಡಿದ. 'ಅಜ್ಜ, ಬರುವ ವಾರ ಡ್ರ್ಯಾಗನನ್ನೇ ಕಳಿಸಿ. ಬೇಕಾದ್ರೆ ಆರು ತಲೆಯದ್ದು ಕಳಿಸಿ.'

ಬೆಕ್ಕಿನ ನ್ಯಾಯ

ಮುಂದಿನ ವಾರ, ಮುಳುಗುತ್ತಿದ್ದ ಅದೇ ಮನುಷ್ಯನನ್ನು ಕಥೆಗೆ ವಾಪಸು ತಂದೆ. ಊರಿನಲ್ಲಿ ಉಳಿದಿದ್ದ ಕೊನೆಯ ಅಕ್ಕಿಯನ್ನು ಅವ ಕದ್ದ. ಹಿಡಿದು ಕೇಳಿದರೆ, ತನ್ನ ಮಕ್ಕಳು ಹಸಿದಿದ್ದಾರೆ ಅಂದ. ಊರಿನವರು ಬಂದು ವೀರರನ್ನು ಕೇಳಿದರು, 'ಇವನನ್ನು ತಂದವರು ನೀವು. ನ್ಯಾಯ ನೀವೇ ಹೇಳಿ.'

ನರ್ಸ್ ಬೆಳ್ಳಗಾದಳು. 'ಸಾಯ್ಬಾ!' ಅಂತ ಅವಳ ದೇವರನ್ನು ಕರೆದಳು. ಶಿಕ್ಷೆ ಕೊಟ್ಟರೆ ಅವನ ಮಕ್ಕಳು, ಬಿಟ್ಟರೆ ಊರಿನ ಮಕ್ಕಳು ಉಪವಾಸ. ಅವಳು ತೀರ್ಪು ಹೇಳದೆಯೇ ಮನೆಗೆ ಹೋದಳು, ಯೋಚನೆ ಮಾಡಿ ಹೇಳ್ತೇನೆ ಅಂತ.

ಮರುದಿನ ಅವಳ ಅಮ್ಮ ಜೆಪ್ಪುವಿನಿಂದ ನಮ್ಮ ಮನೆಗೆ ಫೋನು ಮಾಡಿದರು.

'ನನ್ನ ಮಗಳಿಗೆ ಎಂತ ಕಲಿಸಿದ್ದೀರಿ ನೀವು? ಬೆಕ್ಕು ಅಡುಗೆಮನೆಗೆ ಬಂತು. ಓಡಿಸು ಅಂದೆ. ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದಾಳೆ! ಅದಕ್ಕೂ ಮರಿಗಳು ಇರಬಹುದು ಅಂತೆ!'

'ಆಮೇಲೆ ಎಂತ ತೀರ್ಪು ಕೊಟ್ಟಳು?' ಅಂತ ನಾನು ಆಸೆಯಿಂದ ಕೇಳಿದೆ.

'ತೀರ್ಪು ಬರುವಾಗ ಬೆಕ್ಕು ಎರಡನೇ ಬಂಗುಡೆಯಲ್ಲಿತ್ತು!'

ಮುಚ್ಚದೆ ಬಿಟ್ಟ ಕಿಂಡಿ

ಮೂರನೇ ವಾರ ಮಳೆಮೋಡ. ಮಧ್ಯಾಹ್ನವೇ ಚಾವಡಿ ಕತ್ತಲೆ. ಇಂಥ ದಿನ ಬಿಡಬಾರದು ಅಂತ ನಾನು ಆಗಲೇ, ಕೂತಲ್ಲಿಯೇ, ಮಂಜಿನ ದೊರೆ ಎಂಬ ಒಂದು ಭೂತವನ್ನು ಹುಟ್ಟಿಸಿದೆ. ಬಂಗಾರದ ಮೀನು ಅವನದ್ದು. ಅವನಿಗೆ ಮುಖ ಇಲ್ಲ, ಕಾಲು ಇಲ್ಲ, ಸ್ವರ ಮಾತ್ರ ಉಂಟು. ಮಾತು ತಪ್ಪಿದವರ ಮನೆಯಲ್ಲಿ ಮೊದಲು ಸಣ್ಣ ಸಣ್ಣದು ಕೆಡುತ್ತದೆ, ಆಮೇಲೆ ದೊಡ್ಡದು.

'ತೀರ್ಪು ಸಿಗದ ಅಕ್ಕಿ ಕಳ್ಳನೂ ನಿಮ್ಮ ಬೋಟಿನಲ್ಲಿಯೇ ಇದ್ದಾನೆ. ಬೋಟಿನ ಸುತ್ತ ಮಂಜು,' ಅಂದೆ. 'ಎಂಜಿನ್ ನಿಂತಿದೆ. ಹಲಗೆಯ ಕೆಳಗಿನಿಂದ ಯಾರೋ ಉಗುರಿನಲ್ಲಿ ಕೆರೀತಾರೆ. ದೊರೆ ಕೇಳ್ತಾನೆ, ಆ ಅಕ್ಕಿ ಕಳ್ಳನನ್ನು ನನಗೆ ಕೊಡಿ, ಇಲ್ಲವೇ ಎಲ್ಲರೂ ಬನ್ನಿ. ಈಗ ಎಂತ ಮಾಡ್ತೀರಿ?'

ಕೆರೆಯುವ ಶಬ್ದವನ್ನು ನಾನೇ ಕುರ್ಚಿಯ ಅಡಿಯಲ್ಲಿ ಮಾಡಿದೆ. ಮೂವರೂ ಕಾಲು ಮೇಲೆ ಎತ್ತಿಕೊಂಡರು. ಹೊಡೆಯಲಿಕ್ಕೆ ಆಗುವುದಿಲ್ಲ, ಓಡಲಿಕ್ಕೆ ಆಗುವುದಿಲ್ಲ, ಈಜಲಿಕ್ಕೆ ಆಗುವುದಿಲ್ಲ. ಎಲ್ಲ ಕಿಂಡಿ ಮುಚ್ಚಿದ್ದೆ. ನಮ್ಮ ಊರಿನವರಿಗೆ ಹುಟ್ಟಿನಿಂದ ಗೊತ್ತಿರುವ ಒಂದು ಕಿಂಡಿ ಮಾತ್ರ ನೆನಪಾಗಿರಲಿಲ್ಲ.

ಮೊಮ್ಮಗಳು ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, ನಿಜವಾದ ಗಡಿಬಿಡಿಯಲ್ಲಿ ಹರಕೆ ಹೇಳಿಬಿಟ್ಟಳು.

'ಮಂಜಿನ ದೊರೆಯೇ, ನಮ್ಮನ್ನು ದಡ ಸೇರಿಸು! ನಮ್ಮ ತಂಡೇಲನ ಮೀಸೆ ನಿನಗೆ ಒಪ್ಪಿಸ್ತೇವೆ!'

ಕಥೆಯ ಬೋಟಿನಲ್ಲಿಯೂ ತಂಡೇಲ ನಾನೇ. ದೊಡ್ಡಸ್ತಿಕೆಗೆ ಅಂತ ನನ್ನದೇ ಮೀಸೆ ಕೊಟ್ಟಿದ್ದೆ. ದಾಳ ಉರುಳಿತು. ಇಪ್ಪತ್ತು ಬಿತ್ತು. ಅದೇ ಗಳಿಗೆಗೆ ಕರೆಂಟು ಹೋಯಿತು.

ಅಡುಗೆಮನೆಯಲ್ಲಿ ಸೌಟು ಬಿದ್ದ ಶಬ್ದ. ಹೆಂಡತಿ ಬಾಗಿಲಿಗೆ ಬಂದಳು. 'ದೇವೆರೇ! ಹರಕೆ ಯಾರ ಮೀಸೆಗೆ?'

'ಅದು ಕಥೆಯ ತಂಡೇಲನದ್ದು ಮಾರಾಯ್ತಿ!'

'ಕಥೆಯವನ ಮನೆ ಎಲ್ಲಿ ಅಂತ ದೊರೆಗೆ ಗೊತ್ತುಂಟಾ? ಈ ಮನೆಯಲ್ಲಿ ಕಾಣುವ ತಂಡೇಲ ಒಬ್ಬರೇ.'

ಎರಡು ದಾರಿ, ಒಂದೇ ಕತ್ತಿ

ಸೋಮವಾರ ಹಾಲು ಒಡೆಯಿತು. ಮಂಗಳವಾರ ಮಿಕ್ಸಿ ಸುಟ್ಟುಹೋಯಿತು. ಬುಧವಾರ ನಾನು ಪೇಪರಿನ ಚಿತ್ರ ನೋಡುತ್ತಾ ಕೂರುವ ಜಾಗಕ್ಕೇ ಒಂದು ಒಣ ತೆಂಗಿನಕಾಯಿ ಬಿತ್ತು. ನಾನು ಬಚ್ಚಲಿನಲ್ಲಿದ್ದೆ, ಉಳಿದುಕೊಂಡೆ. ಗುರುವಾರ ಫ್ಯಾನು ಇಲ್ಲದೆ, ಗಾಳಿ ಇಲ್ಲದೆ, ನನ್ನ ಮೀಸೆಯ ಎರಡೂ ತುದಿಗಳು ಒಟ್ಟಿಗೆ ನಡುಗಿದವು. ಅಂಥ ಗಾಳಿ ಯಾವ ಕಡಲಿನಲ್ಲಿಯೂ ಇಲ್ಲ.

ದೊರೆ ಇಲ್ಲ ಅಂತ ನನಗೆ ಗೊತ್ತು. ಹುಟ್ಟಿಸಿದವನೇ ನಾನು. ಆದರೆ ಅವನ ಕೋಪ ಎಂಥದ್ದು ಅಂತ ಹುಟ್ಟಿಸಿದವನಿಗಲ್ಲದೆ ಬೇರೆ ಯಾರಿಗೆ ಗೊತ್ತಿರ್ತದೆ?

ಭಾನುವಾರ ಮೂವರೂ ನನ್ನ ಎದುರು ಕೂತರು. ಮೊಮ್ಮಗಳು ನನ್ನದೇ ಸ್ವರದಲ್ಲಿ ಶುರುಮಾಡಿದಳು.

'ಹರಕೆ ಒಪ್ಪಿಸಬೇಕಾದ್ರೆ ಮೀಸೆ ತೆಗೀಬೇಕು. ಒಪ್ಪಿಸುವುದಿಲ್ಲ ಅಂದ್ರೆ ದೊರೆ ಬಿಡುವುದಿಲ್ಲ ಅಂತ ನೀವು ನಡುಗ್ತೀರಿ. ಈ ಆಟದಲ್ಲಿ ಹೆದರಿದ್ರೆ ಮೀಸೆ ಬೋಳಿಸಿಕೊಳ್ತೇನೆ ಅಂದವರು ಯಾರು? ಈಗ ಎಂತ ಮಾಡ್ತೀರಿ?'

ಯೋಚನೆ ಮಾಡಿದೆ. ಎಡಕ್ಕೆ ಹೋದರೂ ಕ್ಷೌರಿಕ, ಬಲಕ್ಕೆ ಹೋದರೂ ಕ್ಷೌರಿಕ. 'ಒಂದು ತೆಂಗಿನಕಾಯಿ ಒಡೆದು, ತಪ್ಪಾಯ್ತು ಅಂತ ಹೇಳಿದ್ರೆ?' ಅಂತ ಅಂಗಡಿಯ ಹುಡುಗನ ಮುಖ ನೋಡಿದೆ.

ಅವ ತಲೆ ಅಲ್ಲಾಡಿಸಿದ. 'ಹಗ್ಗ ಮುಟ್ಟುವುದಿಲ್ಲ ಅಜ್ಜ.'

ಎದ್ದು ಹೋದೆ. ಕ್ಷೌರಿಕ ನನ್ನ ಹಳೆಯ ಪರಿಚಯದವ. ಅವ ಕತ್ತಿ ಮಸೆದು ನನ್ನ ಮೀಸೆಯನ್ನೇ ನೋಡಿದ. 'ತಂಡೇಲರೇ, ಇನ್ನು ಗಾಳಿ ಯಾವ ಕಡೆಯದ್ದು ಅಂತ ನಾವು ಯಾರನ್ನು ಕೇಳುವುದು?' ಅಂದ. ನಾನು ಕಣ್ಣು ಮುಚ್ಚಿದೆ. ಅಲೆಯ ತುದಿಯಲ್ಲಿ ಬೀಡಿ ಸೇದಿದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಕೂತೆ.

ಮೈ ಒರೆಸುವ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡು ಮನೆಗೆ ಬಂದೆ. ಚಾವಡಿಯಲ್ಲಿ ನಿಂತು ಬೈರಾಸು ಕೆಳಗೆ ಎಳೆದೆ.

ಡ್ರ್ಯಾಗನಿಗೆ ಹೆದರದ ಮೂವರೂ ಕಿರುಚಿದರು. ದಿನಾ ರಕ್ತ ನೋಡುವ ನರ್ಸ್ ಕುರ್ಚಿಯ ಹಿಂದೆ ಕೂತಳು. ಶಬ್ದ ಕೇಳಿ ಹೆಂಡತಿ ಹೊರಗೆ ಬಂದಳು. ಮದುವೆಯಾದ ಮೇಲೆ ನನ್ನ ಮೇಲ್ತುಟಿಯನ್ನು ಅವಳು ನೋಡಿದ್ದು ಅದೇ ಮೊದಲು. ನೋಡಿದಳು. ಒಂದು ಹೆಜ್ಜೆ ಹಿಂದೆ ಹೋದಳು. ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದಳು.

'ಮಂಜಿನ ದೊರೆಯೇ! ಇವರ ಮೀಸೆ ಬೇಗ ವಾಪಸು ಬರಲಿ! ಇವರ ತಲೆಕೂದಲು ಪೂರ್ತಿ ನಿನಗೆ ಒಪ್ಪಿಸ್ತೇನೆ!'

'ದಾಳ ಮುಟ್ಟಬೇಡ ಮಾರಾಯ!' ಅಂತ ನಾನು ಕೂಗಿದೆ. ಅಂಗಡಿಯ ಹುಡುಗ ಆಗಲೇ ಹಾಕಿ ಆಗಿತ್ತು. ಉರುಳಿತು, ಉರುಳಿತು, ನಿಂತಿತು. ಇಪ್ಪತ್ತು.

ನಾನು ಕತ್ತಿನಲ್ಲಿದ್ದ ಬೈರಾಸನ್ನು ಬಿಚ್ಚಿ ತಲೆಗೆ ಬಿಗಿಯಾಗಿ ಕಟ್ಟಿಕೊಂಡೆ.